ಚೌಕಟ್ಟಿಗೆ ಹಿಡಿಸದ್ದು

ಹತ್ತನೆಯ ಸೆಕೆಂಡಿಗೆ ಸುಘೋಷನ ವ್ಯಾನು ಪರದೆಯ ಮೇಲೆ ಬಂತು.

ಮೌಸ್ ಒತ್ತಿ ನಿಲ್ಲಿಸಿದ. ಹಿಂದೆ ತಂದು ಮತ್ತೊಮ್ಮೆ ನೋಡಿದ. ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ ಹನ್ನೆರಡು ಸೆಕೆಂಡಿನ ವಿಡಿಯೋ. ಕೂಳೂರು ಸೇತುವೆಯ ಹತ್ತಿರ ಚಕ್ರಪಾಣಿ ಭಟ್ಟರು ಎಳನೀರು ಹಿಡಿದು ನಗುತ್ತಿದ್ದಾರೆ. ಅವರ ತಲೆಯ ಮೇಲೆ, ದೂರದಲ್ಲಿ, ಹೆದ್ದಾರಿ. ಅಲ್ಲೊಂದು ಬಿಳಿ ವ್ಯಾನು. ವ್ಯಾನಿನ ಮೇಲೆ ಮದುವೆ ಶೂಟಿಂಗಿನ ಕ್ರೇನ್, ಅದರ ತುದಿಗೆ ಕೆಂಪು ಬಟ್ಟೆ. ನಂಬರು ಕಾಣುವುದಿಲ್ಲ. ತನ್ನ ಗಾಡಿಯನ್ನು ಗುರುತಿಸಲು ಅವನಿಗೆ ನಂಬರು ಬೇಕಿರಲಿಲ್ಲ.

ವಿಡಿಯೋ ನಿಂತ ಮೇಲೆ ಭಟ್ಟರು ರಸ್ತೆಗೆ ಕಾಲಿಟ್ಟಿದ್ದರು. ಗುದ್ದಿದ ಸುಘೋಷ ನಿಲ್ಲಿಸಲಿಲ್ಲ. ಸುರತ್ಕಲ್ಲಿನ ಮದುವೆಯ ಮುಹೂರ್ತಕ್ಕೆ ಹದಿನೈದೇ ನಿಮಿಷ ಉಳಿದಿತ್ತು. ಧಾರೆ ತಪ್ಪಿಸಿದ ವಿಡಿಯೋದವನನ್ನು ಈ ಊರಿನಲ್ಲಿ ಯಾರೂ ಮತ್ತೆ ಕರೆಯುವುದಿಲ್ಲ. ಒಬ್ಬ ಮನುಷ್ಯ ರಸ್ತೆಯಲ್ಲಿ ಬಿದ್ದಿರುವಾಗ ಅವನ ತಲೆಗೆ ಹೊಳೆದದ್ದು ಇಷ್ಟೇ. ನಾಚಿಕೆಗೇಡು. ಮರುದಿನ ಬಂಪರ್ ಬದಲಿಸಿದ, ತಿಂಗಳೊಳಗೆ ಕ್ರೇನ್ ಸಮೇತ ವ್ಯಾನನ್ನು ಕೇರಳಕ್ಕೆ ಮಾರಿದ. ಹನ್ನೊಂದು ತಿಂಗಳು ಯಾರೂ ಬಾಗಿಲು ತಟ್ಟಲಿಲ್ಲ.

ಊರಿಡೀ ಇಷ್ಟೊಂದು ಅಂಗಡಿಗಳಿರುವಾಗ, ಭಟ್ಟರ ಹೆಂಡತಿ ಬಲ್ಮಠದ ಈ ಮೂರನೆಯ ಮಾಳಿಗೆ ಹತ್ತಿ ತನ್ನಲ್ಲಿಗೇ ಬರಬೇಕೇ?

ಸತ್ಯಭಾಮಾ ನಿವೃತ್ತ ಟೀಚರ್. ಹಿಂದಿನ ವಾರ ಪೆನ್‌ಡ್ರೈವ್ ಕೊಟ್ಟು, "ಯಜಮಾನರ ವರ್ಷಾಂತಿಕಕ್ಕೆ ನೆಂಟರೆಲ್ಲ ಬರ್ತಾರೆ, ದೊಡ್ಡ ಪರದೆಯಲ್ಲಿ ಹಾಕ್ಲಿಕ್ಕೆ," ಎಂದಿದ್ದರು. "ಹಳೆ ಕ್ಯಾಸೆಟಿನದ್ದು ಚೌಕ ಉಂಟು, ಮಗನ ಕ್ಯಾಮೆರಾದ್ದು ಅಗಲ, ಮೊಮ್ಮಗಳು ತನ್ಮಯಿ ಮೊಬೈಲಲ್ಲಿ ತೆಗೆದದ್ದು ಉದ್ದ. ಎಲ್ಲ ಸೇರಿಸಿ ಒಂದು ಮಾಡಿ ಕೊಡಿ."

"ಬದಿಯಲ್ಲಿ ಕಪ್ಪು ಬಿಡುವುದಾ ಟೀಚರ್, ಮಸುಕು ಮಾಡಿ ತುಂಬಿಸುವುದಾ?"

"ನನಗೆ ಎಂತ ಗೊತ್ತು ಮಾರಾಯ್ರೇ. ನಿಮ್ಮ ಕ್ರಮ ಹೇಗೆ ಉಂಟೋ ಹಾಗೆ ಮಾಡಿ. ಒಂದನ್ನೂ ಬಿಡಬೇಡಿ, ಅಷ್ಟೆ."

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ್ದರು: "ನಿಮ್ಮಲ್ಲಿ ಕ್ರೇನ್ ಉಂಟಾ? ಮದುವೆಗೆಲ್ಲ ತರ್ತಾರಲ್ಲ, ಅದು."

"ಇಲ್ಲ ಟೀಚರ್. ಈಗೆಲ್ಲ ಡ್ರೋನ್."

"ಹೌದು. ಎಲ್ಲರೂ ಹಾಗೇ ಹೇಳ್ತಾರೆ."

ಮೊಬೈಲಿನ ಉದ್ದ ವಿಡಿಯೋವನ್ನು ಅಗಲ ಪರದೆಗೆ ಹೊಂದಿಸಲು ಊರಿನವರದ್ದೆಲ್ಲ ಒಂದೇ ಕ್ರಮ. ವಿಡಿಯೋವನ್ನು ಇಡಿಯಾಗಿ ನಡುವೆ ನಿಲ್ಲಿಸುವುದು. ಅದನ್ನೇ ಹಿಗ್ಗಿಸಿ, ಮಸುಕು ಮಾಡಿ, ಎರಡೂ ಬದಿಗೆ ತುಂಬುವುದು. ತನ್ಮಯಿ ತೆಗೆದ ಉಳಿದ ಹದಿಮೂರಕ್ಕೂ ಸುಘೋಷ ಹಾಗೆಯೇ ಮಾಡಿದ್ದ. ಇದೊಂದು ಮಾತ್ರ ಉಳಿದಿತ್ತು. ಬಿಟ್ಟುಬಿಡುವಂತಿಲ್ಲ. ಗಂಡನ ಕೊನೆಯ ನಗುವನ್ನು ಯಾವ ಹೆಂಡತಿ ಹುಡುಕುವುದಿಲ್ಲ?

ಕೊನೆಗೆ ಅದನ್ನು ಪರದೆಯ ಅಗಲಕ್ಕೆ ಸರಿಯಾಗಿ ಎಳೆದು ದೊಡ್ಡದು ಮಾಡಿದ. ಮೇಲಿನದ್ದೂ ಕೆಳಗಿನದ್ದೂ ಹೊರಗೆ ಹೋಯಿತು. ಹೆದ್ದಾರಿ ಹೋಯಿತು, ವ್ಯಾನು ಹೋಯಿತು, ಭಟ್ಟರ ಕಾಲೂ ಹೋಯಿತು. ಉಳಿದದ್ದು ಮುಖ, ಎಳನೀರು, ಸ್ಟ್ರಾ. ಚಿತ್ರ ರವೆ ಚೆಲ್ಲಿದಂತೆ ಒಡೆದಿತ್ತು. ಒಡೆಯಲಿ. ಮೂಲ ಅವರ ಬಳಿ ಇದ್ದರೂ ಚಿಂತೆಯಿಲ್ಲ, ಚಂದದ ಸಿನಿಮಾ ಕೈಗೆ ಬಂದ ಮೇಲೆ ಮೂಲವನ್ನು ಯಾರೂ ತೆರೆಯುವುದಿಲ್ಲ. ನೋಡಿದವರೂ ತಮ್ಮವರ ಮುಖ ನೋಡುತ್ತಾರೆ, ರಸ್ತೆ ನೋಡುವುದಿಲ್ಲ. ಹದಿನೈದು ವರ್ಷದ ಕಸುಬು ಅವನಿಗೆ ಅಷ್ಟು ಕಲಿಸಿತ್ತು.

ಶನಿವಾರ ಬೆಳಿಗ್ಗೆ ಟೀಚರ್ ಬಂದರು. ಏಸಿ ಹಾಕಿ ಬಾಗಿಲು ಮುಚ್ಚಲು ಹೋದರೆ ತಡೆದರು. "ತೆರೆದೇ ಇರ್ಲಿ. ಮುಚ್ಚಿದರೆ ನನಗೆ ಉಸಿರು ಕಟ್ಟಿದ ಹಾಗೆ ಆಗ್ತದೆ."

ಚೌಕದೊಳಗೆ ಮದುವೆಯ ದಿನದ ಭಟ್ಟರು ಬಂದರು, ಅಗಲದಲ್ಲಿ ಮಗನ ಮನೆ ಒಕ್ಕಲು. ಟೀಚರ್ ಅಲುಗಾಡದೆ ನೋಡಿದರು. ಸುಘೋಷ ಪರದೆಯನ್ನು ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದ. ಕೊನೆಗೆ ಪರದೆಯ ತುಂಬ ಎಳನೀರಿನ ನಗು ಬಂತು. "ಅಜ್ಜಾ, ಇಲ್ಲಿ ನೋಡಿ!" ಎಂದು ತನ್ಮಯಿ ಕೂಗಿದಳು. ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇದು ದೊಡ್ಡದುಂಟಲ್ಲ?"

"ಮುಖ ಹತ್ತಿರ ಕಾಣ್ಲಿ ಅಂತ, ಟೀಚರ್."

"ಉಳಿದದ್ದಕ್ಕೆಲ್ಲ ಬದಿಯಲ್ಲಿ ಮಸುಕು ಮಾಡಿದ್ದೀರಿ."

"ಕೊನೆಯದ್ದಲ್ವಾ? ಸ್ವಲ್ಪ ವಿಶೇಷ ಇರ್ಲಿ ಅಂತ."

"ನೀವೇ ಯೋಚಿಸಿ ಮಾಡಿದ್ದಾ?"

"ಹೌದು, ನಾನೇ."

"ಒಳ್ಳೆಯದಾಯಿತು."

ಅವನು ಮೌಸ್ ಬಿಟ್ಟು ಕುರ್ಚಿಗೆ ಒರಗಿದ. ಬದುಕಿದೆ ಎಂದುಕೊಂಡ. ಈ ಹೆಂಗಸಿನ ಮೇಲೆ ಪ್ರೀತಿಯೇ ಬಂದುಬಿಟ್ಟಿತು.

ಟೀಚರ್ ಚೀಲದಿಂದ ಪೆನ್‌ಡ್ರೈವ್‌ಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಡತೊಡಗಿದರು. ಉತ್ತರಪತ್ರಿಕೆ ಜೋಡಿಸುವವರ ಹಾಗೆ, ನಿಧಾನಕ್ಕೆ. ಒಂಬತ್ತಿದ್ದವು. ಪ್ರತಿಯೊಂದಕ್ಕೂ ಸಣ್ಣ ಚೀಟಿ ಅಂಟಿಸಿತ್ತು. ಕೆಳಗೆ ಮೆಟ್ಟಿಲಲ್ಲಿ ಯಾರೋ ಬೂಟು ಹಾಕಿದವರು ಹತ್ತಿ ಬರುವ ಸದ್ದು ಕೇಳಿಸಿತು.

"ಇನ್ನೂ ವಿಡಿಯೋ ಉಂಟಾ, ಟೀಚರ್?"

"ಇಲ್ಲ ಸುಘೋಷ, ಊರಲ್ಲಿ ಕ್ರೇನ್ ಇಟ್ಟಿದ್ದವರಿಗೆಲ್ಲ ಇದೇ ಕೆಲಸ ಕೊಟ್ಟಿದ್ದೆ, ಈ ಒಂಬತ್ತರಲ್ಲೂ ಆ ಬಿಳಿ ವ್ಯಾನು ಹಾಗೇ ಉಂಟು."