ಸುರಂಗದ ಬಾಯಲ್ಲಿ

ಆರಿದ ಮೇಣದಬತ್ತಿಯ ವಾಸನೆ ಇಂದಿಗೂ ನನ್ನನ್ನು ನಮ್ಮೂರು ಬಾಯಾರಿನ ಒಂದು ಮಧ್ಯಾಹ್ನಕ್ಕೆ ಒಯ್ಯುತ್ತದೆ. ಅಮ್ಮ ದಿನವೂ ಕೆಳಗಿನ ತೋಡಿನಿಂದ ನೀರು ಹೊರುತ್ತಿದ್ದಳು. ಆ ಕಷ್ಟ ತಪ್ಪಲೆಂದು ಐತಪ್ಪಣ್ಣ ಮನೆಯ ಹಿಂದಿನ ಗುಡ್ಡದಲ್ಲಿ, ಸೆಲೆ ಸಿಗುವವರೆಗೆ ಅಡ್ಡಕ್ಕೆ ಹೋಗುವ ನೀರಿನ ಸುರಂಗ ಕೊರೆಯುತ್ತಿದ್ದರು. ಅಂದು ಅವರು ಮೈಯೆಲ್ಲ ಕೆಂಪು ಧೂಳಾಗಿ, ಆರಿದ ಬತ್ತಿ ಹಿಡಿದು ಹೊರಬಂದರು.

“ನೀರುಂಟು ಅಂತ ಗಟ್ಟಿ ನಂಬಿ ಐತಪ್ಪಣ್ಣ, ಸಿಕ್ಕಿಯೇ ಸಿಗ್ತದೆ. ಇನ್ನೆರಡು ಕೋಲು ಒಳಗೆ ಹೋಗಿ,” ಎಂದಳು ಅಮ್ಮ.

“ನನಗೆ ನಂಬಿಕೆ ಉಂಟು ಅಕ್ಕ, ಬತ್ತಿಗೆ ಇಲ್ಲ. ಗಾಳಿ ಇಲ್ಲದಲ್ಲಿ ಅದೂ ಉಳಿಯುದಿಲ್ಲ, ನಾನೂ ಉಳಿಯುದಿಲ್ಲ.”

ಅಮ್ಮನ ಕಣ್ಣು ತುಂಬಿತು. ಅದನ್ನು ನಾನೇ ಆಮೇಲೆ ನೆನಪಿಗೆ ಸೇರಿಸಿಕೊಂಡದ್ದೂ ಇರಬಹುದು. “ಹಾಗಾದರೆ ಬಿಡುದಾ?” ಎಂದಳು.

“ಬಿಡುದೆಂತಕ್ಕೆ? ಗುಡ್ಡದ ಮೇಲಿಂದ ಸುರಂಗದವರೆಗೆ ಗಾಳಿಗೊಂದು ಗುಂಡಿ ತೆಗೆಯುವ. ಆಮೇಲೆ ಪುನಃ ಒಳಗೆ ಹೋಗ್ತೇನೆ.”

ಅಮ್ಮ ಸೆರಗು ಸಿಕ್ಕಿಸಿ, ಹಾರೆ ಎತ್ತಿಕೊಂಡು, ಅವರಿಗಿಂತ ಮೊದಲೇ ಗುಡ್ಡ ಹತ್ತಿದಳು.