ಏರು ಹತ್ತದ ಜೀಪು

ಮೆಕ್ಯಾನಿಕ್ ಅಕ್ಕ ಎರಡನೇ ಪ್ಲಗ್ಗಿನ ವೈರಿಗೆ ಕೈ ಹಾಕಿದ್ದೇ ತಡ, ಕನ್ನಡಕದಂಗಡಿಯವನ ಎದೆ ಧಸಕ್ಕೆಂದಿತು.

"ಒಂದನೇದು ಕಿತ್ತಾಗ ಇಂಜಿನ್ ನಿಂತೇ ಹೋಯ್ತಲ್ಲ? ಅಂದ್ರೆ ಅದು ದುಡೀತಿದೆ," ಎಂದರು ಅಕ್ಕ. "ಕಿತ್ತರೂ ಏನೂ ವ್ಯತ್ಯಾಸ ಆಗಲಿಲ್ಲ ಅಂದ್ರೆ ಅದು ಸೋಮಾರಿ. ಮಿಸ್ಸಿಂಗ್ ಹಿಡಿಯೋದು ಹೀಗೇ."

ವೈರು ಕಿತ್ತರು. ಇಂಜಿನ್ ಮೊದಲು ಹೇಗೆ ನರಳುತ್ತಿತ್ತೋ ಹಾಗೇ ನರಳಿತು.

"ಸಿಕ್ಕಿಬಿದ್ದ ಸೋಮಾರಿ," ಎಂದು ಅಕ್ಕ ಗಡಿಯಾರ ನೋಡಿಕೊಂಡರು. ಬಂದು ಅರ್ಧ ಗಂಟೆಯಾಗಿರಲಿಲ್ಲ, ಆಗಲೇ ಆರನೇ ಸಲ ನೋಡುತ್ತಿದ್ದರು.

ಆ ಸೋಮಾರಿತನ ಯಾರ ಕೃಪೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಂಗಡಿಗೆ ಬರುವ ಹೊಸ ಫ್ರೇಮುಗಳಲ್ಲಿ ಗಾಜಿನ ಬದಲು ಪ್ಲಾಸ್ಟಿಕ್ ಇರುತ್ತದೆ. ಅದರಲ್ಲೊಂದನ್ನು ಬಿಲ್ಲೆಯಂತೆ ಗುಂಡಗೆ ಕತ್ತರಿಸಿ ಪ್ಲಗ್ಗಿನ ಕ್ಯಾಪಿನೊಳಗೆ ಕೂರಿಸಿದ್ದ. ಪ್ಲಾಸ್ಟಿಕ್ ದಾಟಿ ಕರೆಂಟ್ ಹೋಗದು, ಕರೆಂಟಿಲ್ಲದೆ ಜೀಪು ಏರು ಹತ್ತದು. ಅತ್ತೆಯ ಮನೆ ಇದ್ದದ್ದೋ ಗುಡ್ಡದ ಮೇಲೆ, ಯಾವ ಕಾರೂ ಹತ್ತದ ಕಲ್ಲುದಾರಿಯ ಕೊನೆಯಲ್ಲಿ. ಎರಡು ತಿಂಗಳಿಂದ ಅವನ ಭಾನುವಾರಗಳು ಅವನ ಕೈಯಲ್ಲೇ ಇದ್ದವು.

ಅತ್ತೆ ಕೆಟ್ಟವರೇನಲ್ಲ. ಆದರೆ ಅಲ್ಲಿಗೆ ಹೋದರೆ ಸಂಜೆಯವರೆಗೂ ಎದುರುಮನೆಯ ಅಳಿಯನ ಗುಣಗಾನ. ಆ ಮಹಾನುಭಾವ ಆರಡಿ ಎತ್ತರವಿದ್ದ, ತಲೆತುಂಬ ಕೂದಲಿತ್ತು, ಯಾವತ್ತೂ ಆಕಳಿಸುತ್ತಿರಲಿಲ್ಲ. ಅವನ ಮುಖವನ್ನೇ ನೋಡದ ಇವನಿಗೆ ಅವನ ಬೂಟಿನ ಅಳತೆಯೂ ಬಾಯಿಪಾಠವಾಗಿತ್ತು.

ಹೆಂಡತಿಗೆ ಮಾತ್ರ ತವರೆಂದರೆ ಪಂಚಪ್ರಾಣ. ಅವಳು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಪ್ರತಿ ಭಾನುವಾರ ಅವನಿಗಿಂತ ಮೊದಲೇ ತಯಾರಾಗಿ ಜೀಪಿನಲ್ಲಿ ಕೂರುವಳು. ಮೊದಲ ತಿರುವಿನಲ್ಲೇ ಜೀಪು ಸುಸ್ತಾದಾಗ, ಅಮ್ಮನಿಗೆ ಫೋನು ಮಾಡಿ ಬಿಕ್ಕುವಳು. ಅದನ್ನು ನೋಡಿದಾಗಲೆಲ್ಲ ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟುತ್ತಿತ್ತು. ಬಿಲ್ಲೆ ತೆಗೆದುಬಿಡೋಣವೆಂದು ಎರಡು ಸಲ ಬಾನೆಟ್ ಎತ್ತಿದ್ದ. ಎದುರುಮನೆಯ ಅಳಿಯ ನೆನಪಾಗಿ ಎರಡು ಸಲವೂ ಇಳಿಸಿದ್ದ.

ಹೋದ ವಾರದಿಂದಂತೂ ಜೀಪು ಗೇಟು ದಾಟಲೇ ಒಲ್ಲೆನ್ನುತ್ತಿತ್ತು. ತನ್ನ ಕೈಗುಣ ಇಷ್ಟು ಚೆನ್ನಾಗಿದೆಯೆಂದು ಅವನಿಗೇ ಗೊತ್ತಿರಲಿಲ್ಲ.

ನಿನ್ನೆ ಅತ್ತೆಯೇ ಫೋನು ಮಾಡಿದ್ದರು. "ನಮ್ಮ ಪಕ್ಕದ ಮನೆ ಮೆಕ್ಯಾನಿಕ್ಕನ್ನ ಕಳಿಸ್ತೀನಿ. ಅವಳು ಒಂದ್ಸಲ ಕೈಯಿಟ್ಟಳು ಅಂದ್ರೆ ಆಯ್ತು, ಆ ಜೀಪಿನ ಚಿಂತೆನೇ ಬಿಟ್ಟುಬಿಡಿ."

ಇವತ್ತು ಹನ್ನೆರಡರ ಸುಮಾರಿಗೆ ಮೋಟಾರುಬೈಕಿನಲ್ಲಿ ಅಕ್ಕ ಬಂದಿಳಿದಾಗಲೇ ಅವನಿಗೆ ಬೆವರು ಕಿತ್ತುಕೊಂಡಿತ್ತು. ಸಿಕ್ಕಿಬಿದ್ದರೆ ಹದಿನೇಳು ವರ್ಷದ ಸಂಸಾರದಲ್ಲಿ ಹೆಂಡತಿ ತನ್ನ ಒಂದು ಮಾತನ್ನಾದರೂ ಮತ್ತೆ ನಂಬುವಳೇ?

"ಅಕ್ಕ, ತುಂಬಾ ಹಳೇ ಗಾಡಿ," ಎಂದಳು ಪಕ್ಕದಲ್ಲಿ ನಿಂತಿದ್ದ ಹೆಂಡತಿ. "ಜಾಸ್ತಿ ಕೆದಕೋಕೆ ಹೋಗ್ಬೇಡಿ."

ಪಾಪ, ಜೀಪಿನ ಮೇಲೆ ಎಷ್ಟು ಮಮತೆ, ಎಂದುಕೊಂಡು ಅವನು ಇನ್ನಷ್ಟು ಕುಗ್ಗಿದ.

ಅಕ್ಕ ಕ್ಯಾಪನ್ನು ಅಂಗೈ ಮೇಲೆ ಕೊಡವಿದರು. ಬಿಲ್ಲೆ ಬಿತ್ತು. ಅದನ್ನು ನೋಡಿದರು, ಅವನ ಮೂಗಿನ ಮೇಲಿನ ಕನ್ನಡಕವನ್ನು ನೋಡಿದರು. "ಧೂಳು," ಎಂದು ಜೇಬಿಗೆ ಹಾಕಿಕೊಂಡರು.

ಅವನಿಗೆ ಹೋದ ಜೀವ ಬಂತು. ಆದರೆ ಮತ್ತೆ ಸ್ಟಾರ್ಟ್ ಮಾಡಿದಾಗಲೂ ಇಂಜಿನ್ ಕುಂಟುತ್ತಲೇ ಇತ್ತು. ಅಕ್ಕ ಮೂರನೇ ವೈರು ಕಿತ್ತರು. ಏನೂ ವ್ಯತ್ಯಾಸವಾಗಲಿಲ್ಲ.

ಅವನು ಕಣ್ಣು ಕಣ್ಣು ಬಿಟ್ಟ. ಮೂರನೆಯದರ ತಂಟೆಗೆ ಅವನು ಹೋಗಿಯೇ ಇರಲಿಲ್ಲ.

ಅಕ್ಕ ಇಂಜಿನ್ ಆರಿಸಿ, ವೈರಿನ ಇನ್ನೊಂದು ತುದಿಯನ್ನು, ಎಲ್ಲ ಪ್ಲಗ್ಗಿಗೂ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನಿಂದ ಎಳೆದು, ಅದು ಕೂರುವ ತೂತಿನಲ್ಲಿ ಸ್ಕ್ರೂಡ್ರೈವರ್ ಆಡಿಸಿದರು. ಮೇಣ ಉದುರಿತು. ಹಸಿರು ಮೇಣ. ಡ್ರಾಯಿಂಗ್ ಕ್ಲಾಸಿನಲ್ಲಿ ಮಕ್ಕಳು ಗಿಡಮರಗಳಿಗೆ ತುಂಬುವ ಹಸಿರು.

ಅವನು ಹೆಂಡತಿಯತ್ತ ತಿರುಗಿದ. ಅವಳು ಆಕಾಶ ನೋಡುತ್ತಿದ್ದಳು.

"ನಲವತ್ತೆರಡು ವರ್ಷ ಆಯ್ತು ರೀ ನನಗೆ," ಎಂದಳು ಕೊನೆಗೆ. "ಇನ್ನೂ ಹೊಸಿಲು ದಾಟೋ ಹೊತ್ತಿಗೆ ಅಮ್ಮ ಬಾಚಣಿಗೆ ಹಿಡ್ಕೊಂಡು ಬರ್ತಾಳೆ. ತಲೆ ಬಾಚೋಕೆ ಬರಲ್ಲ ನನಗೆ ಅಂತ."

"ಮತ್ತೆ ಫೋನಲ್ಲಿ ಅಳ್ತಿದ್ದೆಯಲ್ಲ?"

"ಅಳದೆ ಇದ್ರೆ ಅಮ್ಮ ನಂಬ್ತಾಳಾ?"

ಅವನು ಅಕ್ಕನ ಮುಂದೆ ಕೈ ಚಾಚಿದ. ಬಿಲ್ಲೆಯನ್ನು ಇಸಿದುಕೊಂಡು ಹೆಂಡತಿಯ ಅಂಗೈಯಲ್ಲಿಟ್ಟ. "ಎರಡನೇದು ನಂದು."

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಮೊದಲೇ ಹೇಳೋದಲ್ವಾ? ಎಲ್ಲಿ ಗಾಡಿ ತಾನಾಗೇ ಸರಿಹೋಗಿಬಿಡುತ್ತೋ ಅಂತ ಹೋದ ವಾರ ಸುಮ್ಮನೆ ಮೇಣ ಕಾಸಿ ಕೈ ಸುಟ್ಕೊಂಡೆ."

ಮದುವೆಯಾದ ಮೇಲೆ ಅವಳ ಮೇಲೆ ಇಷ್ಟು ಪ್ರೀತಿ ಅವನಿಗೆ ಎಂದೂ ಉಕ್ಕಿರಲಿಲ್ಲ.

ಅಷ್ಟರಲ್ಲಿ ಅಕ್ಕ ಎಲ್ಲ ವೈರು ಸಿಕ್ಕಿಸಿ ಸ್ಟಾರ್ಟ್ ಮಾಡಿದರು. ನಾಲ್ಕೂ ಸಿಲಿಂಡರ್ ಒಂದೇ ಹದದಲ್ಲಿ ದುಡಿಯತೊಡಗಿದವು. ಇನ್ನು ಗುಡ್ಡವಲ್ಲ, ಗೋಡೆಯನ್ನಾದರೂ ಹತ್ತಬಹುದಿತ್ತು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ನೆಪ ಮುಗಿದಿತ್ತು. ಇಬ್ಬರೂ ಹಲ್ಲು ಕೀಳಿಸಿಕೊಳ್ಳಲು ಹೊರಟವರಂತೆ ಹತ್ತಿ ಕೂತರು.

ಅಕ್ಕ ಮತ್ತೆ ಗಡಿಯಾರ ನೋಡಿದರು. ಇಂಜಿನ್ ಆರಿಸಿದರು. ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಒಳಗಿದ್ದ ಹೆಬ್ಬೆರಳುದ್ದದ ರೋಟರನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಬಾನೆಟ್ ಮುಚ್ಚಿದರು.

"ಅಕ್ಕ, ಅದಿಲ್ಲದೆ ಸ್ಟಾರ್ಟೇ ಆಗಲ್ಲವಲ್ಲ?" ಎಂದ ಅವನು.

"ರಿಪೇರಿ ನನ್ನ ಕಸುಬು, ಕೆಟ್ಟ ಇಂಜಿನ್ ಕಂಡ್ರೆ ಸುಮ್ಮನಿರಕ್ಕಾಗಲ್ಲ," ಎಂದು ಅಕ್ಕ ಬೈಕಿಗೆ ಕಿಕ್ ಹೊಡೆದು ಅವನ ಹೆಂಡತಿಯತ್ತ ತಿರುಗಿದರು. "ಇದು ಮಾತ್ರ ನಿಮ್ಮಮ್ಮ ಹೇಳಿ ಕಳಿಸಿದ ಕೆಲಸ. ಭಾನುವಾರ ಎರಡು ಗಂಟೆಗೆ ಅವರ ಮನೇಲಿ ನಮ್ಮ ಇಸ್ಪೀಟು, ನೀವು ಬಂದ್ರೆ ಆಟ ಕೆಡುತ್ತಂತೆ."