ಚರ್ಮ ಇರಲಿ

ಮೇವಿಗೆ ಮೊಸರಿನಲ್ಲಿರುವಂಥ ಒಳ್ಳೆಯ ಬ್ಯಾಕ್ಟೀರಿಯಾದ ಪುಡಿ ಬೆರೆಸಿ ಸಾಕಿದ ತನ್ನ ಕೋಳಿಯಲ್ಲಿ ಕೊಬ್ಬು, ಕೊಲೆಸ್ಟ್ರಾಲ್ ಕಡಿಮೆಯೆಂದು ಮರಿಸ್ವಾಮಿ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಗಂಡನಿಗೆ ಹೃದಯಾಘಾತವಾದಾಗಿನಿಂದ ಒಬ್ಬ ಹೆಂಗಸು ಅದನ್ನೇ ಚರ್ಮ ಸುಲಿಸಿ ಒಯ್ಯುತ್ತಿದ್ದಳು. ಸಪ್ಪೆ ಎಂದು ಗಂಡ ಗೊಣಗಿದರೂ ಬಿಟ್ಟಿರಲಿಲ್ಲ.

ಅಂದು ಮಾತ್ರ, "ಪುಡಿ ತಿಂದಿದ್ದು ಬ್ಯಾಡ ಕಣಣ್ಣ. ಒಳ್ಳೆ ಕೊಬ್ಬಿರೋದು ಕೊಡು, ಚರ್ಮ ಇರ್ಲಿ," ಎಂದಳು.

ಮರಿಸ್ವಾಮಿ ಹಿಗ್ಗಿದ. "ಡಾಕ್ಟ್ರು ಪಥ್ಯ ಬಿಡಿಸಿದ್ರಾ ಅಕ್ಕಾ?"

"ಪಥ್ಯ ಮುಗೀತು."

"ನಾನ್ ಹೇಳಿರ್ಲಿಲ್ವಾ, ನಮ್ಮ ಕೋಳಿ ತಿಂದೋರಿಗೆ ಏನೂ ಆಗಲ್ಲ ಅಂತ!" ಎನ್ನುತ್ತ ಪುಡಿ ಹಾಕದ ಕೋಳಿಗಳ ಗೂಡಿನಿಂದ ದಪ್ಪನೆಯ ಹುಂಜವೊಂದನ್ನು ಹಿಡಿದು ತೂಗಿದ. "ಪಾಪ, ಯಜಮಾನ್ರು ಎಷ್ಟು ದಿನದಿಂದ ಬಾಯಿ ಕಟ್ಟಿದ್ರೋ! ತಲೆ, ಕಾಲೂ ಹಾಕ್ಲಾ?"

"ಎಲ್ಲಾ ಹಾಕು. ನಾಳೆ ಹನ್ನೊಂದ್ನೇ ದಿನ, ಅವರಿಗೆ ಇಷ್ಟವಾದ್ದನ್ನೇ ಎಡೆ ಇಡ್ಬೇಕಲ್ಲ."